ಎರೆಸೀಮೆಯವರ ಹಿಮದ ದುಡಿಮೆ

ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ ಏಳುನೂರು ಮೀಟರಿನ ಆಸುಪಾಸಿನಲ್ಲಿರುವ ಅವಳಿ ಊರು. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಾಡಂಚು. ಪೂರ್ವಕ್ಕೆ ಕುಂದಗೋಳ, ನವಲಗುಂದದ ಎರೆಹೊಲ. ಹತ್ತಿ, ಮೆಣಸಿನಕಾಯಿ, ಕಡಲೆ, ಬಿಳಿಜೋಳ ಬೆಳೆಯುವ ಈ ನೆಲಕ್ಕೂ ಹಿಮಶಿಖರಗಳಿಗೂ ಏನು ನಂಟು ಎಂದು ಕೇಳಿದರೆ ಎಲ್ಲರಿಗೂ ನೆನಪಾಗುವುದು ಒಂದೇ ಹೆಸರು: ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್ ಪ್ರದೇಶದಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರನೆಯ ದಿನ ಹಿಮ ಅಗೆದಾಗ ಹನುಮಂತಪ್ಪ ಜೀವಂತ ಸಿಕ್ಕರು; ಮೂರು ದಿನದ ಮೇಲೆ ತೀರಿಕೊಂಡರು. ಆ ವಾರ ನಾಡು ಆ ಸುದ್ದಿಯನ್ನು ಮೊದಲು ಪವಾಡವೆಂದು ಓದಿತು, ಆಮೇಲೆ ಬಲಿದಾನವೆಂದು ಓದಿತು. ಎರಡೂ ಸರಿಯೇ. ಆದರೆ ಈ ಎರಡು ಓದಿನ ನಡುವೆ ಮೂರನೆಯದೊಂದು ತಪ್ಪಿಹೋಗಿದೆ. ಹನುಮಂತಪ್ಪ ಪರ್ವತಾರೋಹಣದ ಇತಿಹಾಸಕ್ಕೂ ಸೇರಿದವರು. ಆ ಇತಿಹಾಸವನ್ನು ಶಿಖರ ಮುಟ್ಟಿ ಬಾವುಟ ಹಿಡಿದವರ ಪಟ್ಟಿಯಾಗಿ ನೋಡುವುದನ್ನು ಬಿಟ್ಟು, ಹಿಮದ ಮೇಲೆ ದುಡಿದವರ ಇತಿಹಾಸವಾಗಿ ನೋಡಿದರೆ ಧಾರವಾಡ ಸೀಮೆಗೆ ಅದರಲ್ಲಿ ದೊಡ್ಡ ಪಾಲಿದೆ ಎಂಬುದು ಈ ಬರಹದ ವಾದ.

ಕನ್ನಡಿಗರು ಹಿಮಾಲಯಕ್ಕೆ ಹೋಗಲು ಶುರುಮಾಡಿದ್ದು ಟ್ರೆಕ್ಕಿಂಗ್ ಬಂದಮೇಲಲ್ಲ. 3,583 ಮೀಟರ್ ಎತ್ತರದ ಕೇದಾರನಾಥದ ಮುಖ್ಯ ಅರ್ಚಕರಾದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವ ಸಮುದಾಯದವರು. ಚಳಿಗಾಲ ಬಂದಾಗ ದೇವರ ಉತ್ಸವಮೂರ್ತಿ ಇಳಿದುಬರುವ ಊಖೀಮಠ ವೀರಶೈವರ ಪಂಚಪೀಠಗಳಲ್ಲೊಂದು. ಉತ್ತರ ಕರ್ನಾಟಕದ ಭಕ್ತರಿಗೆ ಹಾಗಾಗಿ ಕೇದಾರ ಎಂದೂ ಪರಊರಲ್ಲ. ಆ ಯಾತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಬೆನ್ನ ಮೇಲಿನ ಬುಟ್ಟಿಯಲ್ಲಿ, ಡೋಲಿಯಲ್ಲಿ, ಹೇಸರಗತ್ತೆಯ ಮೇಲೆ ಯಾತ್ರಿಕರನ್ನೂ ಅವರ ಗಂಟುಮೂಟೆಯನ್ನೂ ಹೊತ್ತು ಹತ್ತಿಸುವವರು ಗಢವಾಲದ ಮತ್ತು ನೇಪಾಳದ ಬಡವರು. ಯಾತ್ರೆಯ ಪುಣ್ಯ ಮನೆತನದ ಮಾತಿನಲ್ಲಿ ತಲೆಮಾರುಗಟ್ಟಲೆ ಉಳಿಯುತ್ತದೆ. ಹೊತ್ತವನ ಹೆಸರು ಉಳಿಯುವುದಿಲ್ಲ. ಪರ್ವತಾರೋಹಣದ ಕಥೆಯಲ್ಲಿಯೂ ನಡೆದದ್ದು ಇದೇ.

ಯುರೋಪಿನಲ್ಲಿ ಈ ಕಸುಬು ಶುರುವಾದ ಬಗೆಯಲ್ಲೇ ಅದು ಗೊತ್ತಾಗುತ್ತದೆ. 1786ರ ಆಗಸ್ಟ್ 8ರಂದು ಮೋಂಟ್ ಬ್ಲಾಂಕ್ ಶಿಖರವನ್ನು ಮೊದಲು ಹತ್ತಿದ ಇಬ್ಬರಲ್ಲಿ ಮಿಶೆಲ್ ಪಕಾರ್ ವೈದ್ಯ. ಝಾಕ್ ಬಾಲ್ಮಾ ಬೆಟ್ಟದಲ್ಲಿ ಸ್ಫಟಿಕ ಹುಡುಕಿ ಮಾರುತ್ತಿದ್ದ ಹಳ್ಳಿಯವ. ಮುಂದೆ ಹತ್ತಬಯಸುವ ಸಿರಿವಂತರು ಬಂದರು, ಶಾಮೊನಿ ಕಣಿವೆಯ ರೈತರು ಅವರಿಗೆ ದಾರಿ ತೋರಿಸುವವರಾದರು. 1820ರಲ್ಲಿ ಹಮೆಲ್ ಎಂಬ ವಿಜ್ಞಾನಿಯ ತಂಡದ ಮೇಲೆ ಹಿಮ ಕುಸಿದು ಮೂವರು ಮಾರ್ಗದರ್ಶಿಗಳು ಸತ್ತರು. ಅವರನ್ನು ಕೂಲಿಗೆ ಕರೆದೊಯ್ದಿದ್ದವರು ಬದುಕಿ ಬಂದರು. ಮರುವರ್ಷವೇ, 1821ರಲ್ಲಿ, ಶಾಮೊನಿಯ ಮಾರ್ಗದರ್ಶಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ಸರದಿಯಂತೆ ಕೆಲಸ, ಗೊತ್ತಾದ ಕೂಲಿ, ಸತ್ತವರ ಮನೆಗೆ ನೆರವು ಎಂಬ ಕಟ್ಟುಪಾಡು ಬಂತು. ಹಿಮಾಲಯದಲ್ಲಿ ಅಂಥ ಸಂಘಟನೆ ಬರಲು ಬಹಳ ಕಾಲ ಹಿಡಿಯಿತು. 1895ರಲ್ಲಿ ನಂಗಾ ಪರ್ಬತದಲ್ಲಿ ಕಾಣೆಯಾದ ಇಂಗ್ಲಿಷ್ ಪರ್ವತಾರೋಹಿ ಮಮ್ಮೆರಿಯ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಅವನ ಜೊತೆಯೇ ಸತ್ತ ಗೂರ್ಖಾ ಸೈನಿಕರಾದ ರಘುಬೀರ್ ಥಾಪಾ, ಗೋಮನ್ ಸಿಂಗ್ ಎಂಬಿಬ್ಬರ ಹೆಸರು ಅಡಿಟಿಪ್ಪಣಿಗೆ ಸೇರಿತು. 1922ರ ಜೂನ್ 7ರಂದು ಎವರೆಸ್ಟಿನ ಉತ್ತರದ ಇಳಿಜಾರಿನಲ್ಲಿ ಹಿಮ ಕುಸಿದಾಗ ಸತ್ತ ಏಳು ಮಂದಿಯೂ ಹೊರೆಯಾಳುಗಳೇ. ಆ ತಂಡದಲ್ಲಿದ್ದ ಹೋವರ್ಡ್ ಸೋಮರ್ವೆಲ್ ಎಂಬ ವೈದ್ಯರನ್ನು ಆ ಸಾವುಗಳು ಕಾಡಿದವು. ಅವರು ಮುಂದೆ ದಕ್ಷಿಣ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ದಶಕಗಳ ಕಾಲ ಶಸ್ತ್ರವೈದ್ಯರಾಗಿ ದುಡಿದರು ಎಂಬುದು ದಕ್ಷಿಣದವರಾದ ನಾವು ತಿಳಿದಿರಬೇಕಾದ ಸಂಗತಿ. 1934ರಲ್ಲಿ ಮತ್ತೆ ನಂಗಾ ಪರ್ಬತ. ಇಳಿಯಲಾರದೆ ಕುಸಿದ ಜರ್ಮನ್ ನಾಯಕ ಮರ್ಕಲ್‌ನನ್ನು ಬಿಟ್ಟು ಬರಲೊಲ್ಲದೆ ಗೇಲೇ ಎಂಬ ಶೆರ್ಪಾ ಅವನ ಬಳಿಯೇ ಉಳಿದು ಸತ್ತ. ಕೂಲಿಗೆ ಬಂದವನು ಹೀಗೆ ಮಾಡಿದ್ದನ್ನು ಯಾವ ಕರಾರಿನಲ್ಲೂ ಬರೆದಿರಲಿಲ್ಲ.

ಇಲ್ಲಿಗೆ ಒಂದು ಆಕ್ಷೇಪ ಏಳುತ್ತದೆ. ಶೆರ್ಪಾ ಪರ್ವತಾರೋಹಿ ಎಂದು ಒಪ್ಪೋಣ, ಸೈನಿಕ ಹೇಗೆ ಪರ್ವತಾರೋಹಿಯಾಗುತ್ತಾನೆ? ಅವನು ಹತ್ತುವುದು ಆಜ್ಞೆಗೆ, ಬೆಟ್ಟದ ಮೇಲಿನ ಒಲವಿಗಲ್ಲ. ಕೇಳಲು ಇದು ಸರಿ. ಇತಿಹಾಸ ಮಾತ್ರ ಇದನ್ನು ಒಪ್ಪುವುದಿಲ್ಲ. 1922ರ ಎವರೆಸ್ಟ್ ತಂಡವನ್ನು ನಡೆಸಿದ ಬ್ರೂಸ್ ಗೂರ್ಖಾ ಪಡೆಯ ಜನರಲ್, 1953ರ ತಂಡವನ್ನು ನಡೆಸಿದ ಹಂಟ್ ಸೇನೆಯ ಕರ್ನಲ್. ಭಾರತದಲ್ಲಂತೂ ಪರ್ವತಾರೋಹಣ ಬೆಳೆದದ್ದೇ ಸೇನೆಯ ಮಡಿಲಲ್ಲಿ. ಗುಲ್ಮಾರ್ಗಿನ ಎತ್ತರಪ್ರದೇಶದ ಯುದ್ಧಶಾಲೆ 1948ರಷ್ಟು ಹಳೆಯದು. ತೇನ್‌ಸಿಂಗ್ ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾದಾಗ ಕ್ಷೇತ್ರ ತರಬೇತಿಯ ಹೊಣೆ ತೇನ್‌ಸಿಂಗರದು. ಪ್ರಾಂಶುಪಾಲರು ಮೇಜರ್ ಜಯಾಲ್. 1965ರಲ್ಲಿ ಉತ್ತರಕಾಶಿಯಲ್ಲಿ ಶುರುವಾದ ನೆಹರೂ ಪರ್ವತಾರೋಹಣ ಸಂಸ್ಥೆಗೂ ರಕ್ಷಣಾ ಸಚಿವಾಲಯದ ಆಸರೆ ಇತ್ತು. ಅದೇ ವರ್ಷ ಒಂಬತ್ತು ಮಂದಿಯನ್ನು ಎವರೆಸ್ಟ್ ಶಿಖರ ಮುಟ್ಟಿಸಿದ ಭಾರತೀಯ ತಂಡದ ನಾಯಕ ಎಂ.ಎಸ್. ಕೊಹ್ಲಿ ನೌಕಾಪಡೆಯವರು. ಇಂದು ಹುಬ್ಬಳ್ಳಿಯ ಒಬ್ಬ ಕಾಲೇಜು ವಿದ್ಯಾರ್ಥಿನಿ ಉತ್ತರಕಾಶಿಗೆ ಹೋಗಿ ಹಗ್ಗ ಕಟ್ಟುವುದನ್ನು ಕಲಿತರೆ, ಆ ಗಂಟಿನ ಪಾಠ ಸೈನಿಕರ ಮತ್ತು ಶೆರ್ಪಾಗಳ ಕೈಯಿಂದ ಬಂದದ್ದು. ಈ ಪರಂಪರೆಯಿಂದ ಸೈನಿಕನನ್ನು ಹೊರಗಿಟ್ಟರೆ ಭಾರತೀಯ ಪರ್ವತಾರೋಹಣದಲ್ಲಿ ಉಳಿಯುವುದು ತೀರಾ ಕಡಿಮೆ.

ಸಿಯಾಚಿನ್ ವಿಷಯದಲ್ಲಿ ಈ ಮಾತು ಇನ್ನೂ ಗಟ್ಟಿ. 76 ಕಿಲೋಮೀಟರ್ ಉದ್ದದ ಆ ಹಿಮನದಿ ತಕರಾರಿನ ನೆಲವಾದದ್ದೇ ಪರ್ವತಾರೋಹಣದ ಮೂಲಕ. 1970ರ ದಶಕದಲ್ಲಿ ಪಾಕಿಸ್ತಾನ ಆ ಭಾಗದ ಶಿಖರಗಳನ್ನು ಹತ್ತಲು ವಿದೇಶಿ ತಂಡಗಳಿಗೆ ಪರವಾನಗಿ ಕೊಡತೊಡಗಿತು. ಯಾರ ಪರವಾನಗಿಯ ಮೇಲೆ ಹತ್ತಿದರೋ ನೆಲ ಅವರದು ಎಂಬ ತರ್ಕ ಮೆಲ್ಲನೆ ನಕಾಶೆಗಳಲ್ಲಿ ಮೂಡಿತು. ಒಬ್ಬ ಜರ್ಮನ್ ಸಾಹಸಿಯ ಬಳಿ ಅಂಥ ನಕಾಶೆ ಕಂಡ ಕರ್ನಲ್ ನರೇಂದ್ರ ಕುಮಾರ್, ಗುಲ್ಮಾರ್ಗ್ ಶಾಲೆಯ ಮುಖ್ಯಸ್ಥರಾಗಿದ್ದಾಗ, 1978ರಲ್ಲಿ ತಂಡ ಕಟ್ಟಿಕೊಂಡು ಹಿಮನದಿಯೊಳಗೆ ಹೋದರು. ತೇರಂ ಕಾಂಗ್ರಿ-2 ಶಿಖರವನ್ನು ಆ ತಂಡ ಹತ್ತಿತು. 1981ರಲ್ಲಿ ಮತ್ತೆ ಹೋಗಿ ಹಿಮನದಿಯ ತುದಿಯಲ್ಲಿರುವ ಇಂದಿರಾ ಕೋಲ್‌ವರೆಗೆ ಮುಟ್ಟಿದರು. 1984ರ ಏಪ್ರಿಲ್ 13ರಂದು ಮೇಘದೂತ ಕಾರ್ಯಾಚರಣೆಯಲ್ಲಿ ಸೇನೆ ಬಿಲಾಫೊಂಡ್ ಲಾ ಎಂಬ ಕಣಿವೆದಾರಿಯನ್ನು ಏರಿದ್ದು ಈ ಪರ್ವತಾರೋಹಿಗಳು ಬರೆದಿಟ್ಟ ದಾರಿ, ತೆಗೆದ ಚಿತ್ರಗಳ ಬಲದಿಂದ. 1987ರ ಜೂನಿನಲ್ಲಿ ಬಾನಾ ಸಿಂಗ್ ಮತ್ತು ಸಂಗಡಿಗರು 21,000 ಅಡಿಗೂ ಮೇಲಿನ ಠಾಣೆಯನ್ನು ಗೆದ್ದದ್ದನ್ನು ಪರಮವೀರ ಚಕ್ರದ ಕಥೆಯಾಗಿ ಓದುತ್ತೇವೆ. ಪರ್ವತಾರೋಹಣದ ಕಣ್ಣಿನಿಂದ ನೋಡಿದರೆ ಅದು ಸುಮಾರು 1,500 ಅಡಿಯ ಕಡಿದಾದ ಹಿಮಗೋಡೆಯ ಆರೋಹಣ. ಆ ಗೋಡೆಗೆ ಹಗ್ಗ ಬಿಗಿಯಲು ಮೇ ತಿಂಗಳಿನಲ್ಲಿ ಮೊದಲು ಹೋದದ್ದು ಎರಡನೇ ಲೆಫ್ಟಿನೆಂಟ್ ರಾಜೀವ್ ಪಾಂಡೆಯವರ ತುಕಡಿ; ಅವರು ಅಲ್ಲಿಯೇ ಮಡಿದರು. ಮುಂದೆ ಹೋದವನು ಹಗ್ಗ ಕಟ್ಟುತ್ತಾನೆ, ಹಿಂದೆ ಬಂದವನು ಅದನ್ನು ಹಿಡಿದು ಏರುತ್ತಾನೆ: ಎವರೆಸ್ಟಿನಲ್ಲೂ ಪದ್ಧತಿ ಇದೇ.

ಎರೆಹೊಲದ ಮನುಷ್ಯನೊಬ್ಬ ಇಂಥ ಕಡೆ ಹೋಗಿ ನಿಲ್ಲುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಯಾಕೆಂದರೆ ನಮ್ಮ ಸಂತಾಪದ ಭಾಷಣಗಳಲ್ಲಿ ಈ ಭಾಗವೇ ಇರುವುದಿಲ್ಲ. ಆರು ಸಾವಿರ ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಹುಬ್ಬಳ್ಳಿಯಿಂದ ಒಬ್ಬನನ್ನು ನೇರವಾಗಿ ಎತ್ತಿ ಅಲ್ಲಿಟ್ಟರೆ ಅವನು ಪ್ರಜ್ಞೆ ತಪ್ಪಬಹುದು. ಅದಕ್ಕೇ ಸೇನೆಯಲ್ಲಿ ಮೈ ಒಗ್ಗಿಸುವ ಮೂರು ಹಂತ: 9,000 ಅಡಿಯಿಂದ 12,000 ಅಡಿಯವರೆಗೆ ಆರು ದಿನ, 15,000ದವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ. ಈ ಲೆಕ್ಕ ಸುಮ್ಮನೆ ಬಂದದ್ದಲ್ಲ. 1962ರ ಯುದ್ಧದ ಹೊತ್ತಿಗೆ ಬಯಲಿನಿಂದ ಒಮ್ಮೆಲೇ ಮೇಲೆ ಹೋದ ಸೈನಿಕರ ಶ್ವಾಸಕೋಶದಲ್ಲಿ ನೀರು ತುಂಬಿ ಸಾವುಗಳಾದವು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು ಆ ರೋಗದ ಬಗ್ಗೆ 1965ರಲ್ಲಿ ಅಧ್ಯಯನ ಪ್ರಕಟಿಸಿದರು. ಒಗ್ಗಿದ ಮೇಲೆ ಸಿಯಾಚಿನ್ ಬೇಸ್ ಕ್ಯಾಂಪಿನ ಶಾಲೆಯಲ್ಲಿ ಕೆಲವು ವಾರಗಳ ಪಾಠ. ಬೂಟಿನ ತಳಕ್ಕೆ ಉಕ್ಕಿನ ಮುಳ್ಳುಪಟ್ಟಿ ಬಿಗಿದು, ಹಿಮಗೊಡಲಿ ಊರಿ, ಮುಳ್ಳು ಕಚ್ಚಿದೆಯೇ ಎಂದು ನೋಡಿಕೊಂಡು ಮುಂದಿನ ಹೆಜ್ಜೆ. ಸೊಂಟದ ಪಟ್ಟಿಗೆ ಹಗ್ಗ ಸಿಕ್ಕಿಸಿ ಎಲ್ಲರೂ ಒಂದೇ ಸಾಲಿನಲ್ಲಿ, ನಡುವೆ ಅಂತರ ಬಿಟ್ಟು ನಡೆಯಬೇಕು. ಎಲ್ಲರಿಗಿಂತ ಮುಂದಿನವ ಉದ್ದ ಕೋಲಿನಿಂದ ಹಿಮ ಚುಚ್ಚುತ್ತ ಹೋಗುತ್ತಾನೆ. ಕೋಲು ಸರ್ರನೆ ಒಳಗಿಳಿದರೆ ಕೆಳಗೆ ಬಿರುಕು ಇದೆ ಎಂದರ್ಥ. ಒಬ್ಬ ಬಿದ್ದರೆ ಉಳಿದವರು ತಕ್ಷಣ ಹಿಮಗೊಡಲಿ ನೆಟ್ಟು ಬೋರಲು ಬೀಳಬೇಕು, ಇಲ್ಲದಿದ್ದರೆ ಹಗ್ಗ ಎಲ್ಲರನ್ನೂ ಎಳೆದೊಯ್ಯುತ್ತದೆ. ಸಾಮಾನು ಹೊರುವುದರಲ್ಲಿ, ಹೂತವರನ್ನು ಹುಡುಕುವುದರಲ್ಲಿ ನುಬ್ರಾ ಕಣಿವೆಯ ಲಡಾಖಿ ಪೋರ್ಟರುಗಳ ದುಡಿಮೆ 1984ರಿಂದಲೂ ಇದೆ. ದುಡ್ಡು ಕೊಟ್ಟು ಶಿಖರಕ್ಕೆ ಹೋಗುವ ತಂಡಕ್ಕೂ ಈ ತುಕಡಿಗೂ ಉಡುಪಿನಲ್ಲಿ, ಉಪಕರಣದಲ್ಲಿ, ನಡಿಗೆಯಲ್ಲಿ ವ್ಯತ್ಯಾಸ ಅಷ್ಟಾಗಿ ಇಲ್ಲ. ವ್ಯತ್ಯಾಸ ಇರುವುದು ಅವಧಿಯಲ್ಲಿ. ಶಿಖರಕ್ಕೆ ಹೋದವನು ಮೇಲೆ ಅರ್ಧ ಗಂಟೆ ನಿಂತು ಇಳಿಯುತ್ತಾನೆ. ಠಾಣೆಯ ಯೋಧ ಸುಮಾರು ಮೂರು ತಿಂಗಳು ಅಲ್ಲಿಯೇ ಇರುತ್ತಾನೆ.

ಹನುಮಂತಪ್ಪ 2002ರ ಅಕ್ಟೋಬರಿನಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದವರು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಕಷ್ಟದ ಪ್ರದೇಶಗಳಲ್ಲೇ ಇದ್ದರು. ಜಮ್ಮು-ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸಿಗೂ, ಮುಂದೆ ಈಶಾನ್ಯಕ್ಕೂ ತಾವಾಗಿಯೇ ಕೇಳಿಕೊಂಡು ಹೋದರೆಂದು ಸೇನೆಯ ದಾಖಲೆ ಹೇಳುತ್ತದೆ. 2015ರ ಆಗಸ್ಟಿನಲ್ಲಿ ಸಿಯಾಚಿನ್‌ಗೆ ಬಂದು, ಡಿಸೆಂಬರಿನಲ್ಲಿ ಎತ್ತರದ ಠಾಣೆಗೆ ಏರಿದರು. ಕುಸಿತವಾದ ಮೇಲೆ ನೂರೈವತ್ತಕ್ಕೂ ಹೆಚ್ಚು ಮಂದಿ, ಹಿಮ ಕೊರೆಯುವ ಯಂತ್ರ, ನೆಲದಡಿ ನೋಡುವ ರಾಡಾರ್, ತರಬೇತಾದ ನಾಯಿಗಳೊಡನೆ ಕಾಂಕ್ರೀಟಿನಷ್ಟು ಗಟ್ಟಿಯಾದ ಹಿಮವನ್ನು ಅಗೆದರು. ಉಷ್ಣತೆ ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿಳಿಯುವ ಜಾಗ ಅದು. ಫೆಬ್ರುವರಿ 8ರ ರಾತ್ರಿ ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ ಅವರು ಸಿಕ್ಕರು. ಮರುದಿನ ದೆಹಲಿಯ ಸೇನಾ ಆಸ್ಪತ್ರೆ ಸೇರಿದರು; 11ರಂದು ಬೆಳಿಗ್ಗೆ 11.45ಕ್ಕೆ ತೀರಿಕೊಂಡರು. ಆಲ್ಪ್ಸ್ ಪರ್ವತಗಳ ಅನುಭವದ ಪ್ರಕಾರ ಹಿಮದಡಿ ಪೂರ್ತಿ ಹೂತವರನ್ನು ಕಾಲು ಗಂಟೆಯೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರು. ಆರನೆಯ ದಿನ ಜೀವಂತ ಸಿಗುವುದು ತೀರಾ ಅಪರೂಪ. ಅಷ್ಟು ದಿನ ಜೀವ ಹಿಡಿದಿದ್ದರೆ ಅದರ ಹಿಂದೆ ಗಾಳಿ ಉಳಿದ ಒಂದಿಷ್ಟು ಜಾಗವೂ ಇರಬೇಕು, ವರ್ಷಗಟ್ಟಲೆ ಕಷ್ಟಕ್ಕೆ ಒಗ್ಗಿದ ಮೈಯೂ ಇರಬೇಕು. ಪವಾಡ ಎಂದು ಕೈಮುಗಿದುಬಿಟ್ಟರೆ ಈ ಎರಡನೆಯದು ಕಾಣುವುದೇ ಇಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಯೋಧನ ಸಾವನ್ನು ಪರ್ವತಾರೋಹಣದ ಲೆಕ್ಕಕ್ಕೆ ಹಾಕಿದರೆ ಅವನ ತ್ಯಾಗವನ್ನು ಒಂದು ಕ್ರೀಡೆಯ ಮಟ್ಟಕ್ಕೆ ಇಳಿಸಿದಂತಾಗದೇ? ಈ ಅಳುಕಿನ ಹಿಂದಿರುವ ಗೌರವವನ್ನು ನಾನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. 2003ರ ನವೆಂಬರಿನ ಕದನವಿರಾಮದ ನಂತರ ಸಿಯಾಚಿನ್‌ನಲ್ಲಿ ಗುಂಡಿನ ಸದ್ದು ಬಹುಮಟ್ಟಿಗೆ ನಿಂತಿತು. ಆಮೇಲೂ ಅಲ್ಲಿ ಯೋಧರು ಸಾಯುತ್ತಲೇ ಇದ್ದಾರೆ. ಸಾಯಿಸುತ್ತಿರುವುದು ಹಿಮಕುಸಿತ, ಬಿರುಕು, ಎತ್ತರದ ರೋಗ. 1984ರಿಂದ ಭಾರತದ ಕಡೆಯೇ ಎಂಟುನೂರಕ್ಕೂ ಹೆಚ್ಚು ಮಂದಿ ಜೀವ ತೆತ್ತಿದ್ದಾರೆ, ಬಹುಪಾಲು ಹವೆಯ ಕಾರಣದಿಂದ. 2012ರ ಏಪ್ರಿಲಿನಲ್ಲಿ ಸಿಯಾಚಿನ್ ಬಳಿಯ ಗಯಾರಿಯಲ್ಲಿ ಪಾಕಿಸ್ತಾನದ ಸುಮಾರು 140 ಮಂದಿ ಒಂದೇ ಕುಸಿತದಲ್ಲಿ ಹೂತುಹೋದರು. ಇಂಥ ಸಾವನ್ನು ಅರ್ಥಮಾಡಿಕೊಳ್ಳಲು ಬೇಕಾದ ತಿಳಿವಳಿಕೆ ರಣನೀತಿಯ ಪುಸ್ತಕದಲ್ಲಿ ಸಿಗುವುದಿಲ್ಲ. ಯಾವ ಇಳಿಜಾರಿನಲ್ಲಿ ಹಿಮದ ಪದರ ಯಾವಾಗ ಸಡಿಲವಾಗುತ್ತದೆ, ಗುಡಾರ ಎಲ್ಲಿ ಹೂಡಬಾರದು, ಹೂತವನನ್ನು ಎಷ್ಟು ಬೇಗ ಹುಡುಕಬಹುದು ಎಂಬುದೆಲ್ಲ ಪರ್ವತಾರೋಹಣದ ವಿದ್ಯೆ. ತ್ಯಾಗ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿದರೆ, ಮುಂದಿನ ಸಾವನ್ನು ತಪ್ಪಿಸಬಹುದೇ ಎಂಬ ಪ್ರಶ್ನೆಯನ್ನೇ ನಾವು ಕೈಬಿಟ್ಟಂತೆ. ಯೋಧನ ಕಸುಬನ್ನು ಕಸುಬೆಂದು ಅರಿತು, ಅದರ ಅಪಾಯವನ್ನು ವಿವರವಾಗಿ ತಿಳಿದು, ಅವನಿಗೆ ಸಿಗಬೇಕಾದ ಉಡುಪು, ಉಪಕರಣ, ಮುನ್ಸೂಚನೆಗಳನ್ನು ಕೇಳುವುದು ಅವನಿಗೆ ಸಲ್ಲಿಸುವ ಗೌರವವೇ.

ಕೊನೆಯದಾಗಿ, ಅವಳಿ ನಗರದಲ್ಲಿ ಹವ್ಯಾಸದಿಂದ ಹತ್ತುವವರೂ ಇದ್ದಾರಲ್ಲ, ಅವರನ್ನು ಮರೆತು ಸೈನಿಕರನ್ನೇ ಹೇಳುವುದೇಕೆ ಎನ್ನಬಹುದು. ಮರೆಯಬೇಕಿಲ್ಲ. ಹುಬ್ಬಳ್ಳಿಯ ನಂದಿತಾ ನಾಗನಗೌಡರ ಅವರ ಹೆಸರು ಪರ್ವತಾರೋಹಣದಲ್ಲಿ ರಾಜ್ಯಕ್ಕೇ ಪರಿಚಿತ. ನೆರೆಯ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳಿಗೆ ದೇಶವಿದೇಶದಿಂದ ಹತ್ತುವವರು ಬರುತ್ತಾರೆ. ನಮ್ಮ ಹುಡುಗ-ಹುಡುಗಿಯರಿಗೆ ಹಗ್ಗದ ಮೊದಲ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಜಾಗ ದಕ್ಷಿಣದಲ್ಲಿ ಕಡಿಮೆ. ಯೂತ್ ಹಾಸ್ಟೆಲ್ಸ್ ಸಂಸ್ಥೆಯ ಹಿಮಾಲಯದ ಚಾರಣಗಳು ಕೆಳಮಧ್ಯಮ ವರ್ಗದ ಮಕ್ಕಳಿಗೂ ಹಿಮ ತೋರಿಸಿವೆ. ಇವೆಲ್ಲ ಸಂತೋಷದ ಸಂಗತಿ. ಆದರೆ ಈ ಹವ್ಯಾಸವೂ ನಿಂತಿರುವುದು ದುಡಿಯುವವರ ಹೆಗಲ ಮೇಲೆಯೇ. ಎವರೆಸ್ಟಿಗೆ ಲಕ್ಷಗಟ್ಟಲೆ ರೂಪಾಯಿ ಕಟ್ಟಿ ಹೋಗುವವರಿಗಾಗಿ ಪ್ರತಿ ವಸಂತದಲ್ಲಿ ಖುಂಬು ಹಿಮಪ್ರಪಾತದ ಬಿರುಕುಗಳ ಮೇಲೆ ಅಲ್ಯುಮಿನಿಯಂ ಏಣಿ ಹಾಸಿ, ಹಗ್ಗ ಬಿಗಿದು ಇಡುವವರು ಶೆರ್ಪಾಗಳು. 2014ರ ಏಪ್ರಿಲ್ 18ರಂದು ಅದೇ ಜಾಗದಲ್ಲಿ ಹದಿನಾರು ನೇಪಾಳಿ ಕೆಲಸಗಾರರು ಒಟ್ಟಿಗೆ ಸತ್ತರು. ದುಡ್ಡು ಕಟ್ಟಿ ಬಂದ ಒಬ್ಬರೂ ಅದರಲ್ಲಿರಲಿಲ್ಲ. ಆಗ ನೇಪಾಳ ಸರ್ಕಾರ ಮೊದಲು ಘೋಷಿಸಿದ ಪರಿಹಾರ ತೀರಾ ಅಲ್ಪವೆಂದು ಶೆರ್ಪಾಗಳು ಕೆಲಸ ನಿಲ್ಲಿಸಿದರು, ನೇಪಾಳದ ಕಡೆಯಿಂದ ಆ ವರ್ಷದ ಆರೋಹಣ ಬಹುಮಟ್ಟಿಗೆ ನಿಂತಿತು. 1820ರ ಸಾವಿನ ನಂತರ ಶಾಮೊನಿಯ ರೈತರು ಕಲಿತದ್ದನ್ನೇ ಎರಡು ಶತಮಾನದ ತರುವಾಯ ಇವರೂ ಕೇಳಬೇಕಾಯಿತು.

2016ರ ಫೆಬ್ರುವರಿ 12ರಂದು ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಜನಸಾಗರ ಸೇರಿ ಹನುಮಂತಪ್ಪ ಅವರ ಅಂತಿಮದರ್ಶನ ಪಡೆಯಿತು. ಅಂದೇ ಬೆಟದೂರಿನಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವರ ಜೊತೆ ಹೂತವರು ಹಾಸನದ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಪಿ.ಎನ್. ಮಹೇಶ, ತಮಿಳುನಾಡಿನ ಎಲುಮಲೈ, ಕುಮಾರ್, ಗಣೇಶನ್, ರಾಮಮೂರ್ತಿ, ಕೇರಳದ ಸುಧೀಶ್, ಕರ್ನೂಲಿನ ಮುಷ್ತಾಕ್ ಅಹ್ಮದ್, ಸಾತಾರಾದ ಸೂರ್ಯವಂಶಿ. ಹಿಮ ಬೀಳದ ಊರುಗಳಿಂದ ಹೋಗಿ ಹಿಮದಲ್ಲಿ ದುಡಿದವರು ಇವರು. ಕರ್ನಾಟಕದ ಪರ್ವತಾರೋಹಣದ ಚರಿತ್ರೆಯನ್ನು ಯಾರೇ ಬರೆಯಲಿ, ಹನುಮಂತಪ್ಪ, ನಾಗೇಶ, ಮಹೇಶ ಎಂಬ ಮೂರು ಹೆಸರು ಅದರ ಮೊದಲ ಅಧ್ಯಾಯದಲ್ಲೇ ಬರಬೇಕು. ಧಾರವಾಡದ ಕಾಲೇಜುಗಳಿಂದ ಹಿಮಾಲಯಕ್ಕೆ ಹೊರಡುವ ತಂಡಗಳು ದುಡ್ಡು ಕಟ್ಟುವ ಮುನ್ನ ಚಾರಣದ ಕಂಪನಿಯವರನ್ನು ಒಂದು ಮಾತು ಕೇಳಬೇಕು: ನಮ್ಮನ್ನು ಹತ್ತಿಸುವ ಗೈಡಿಗೆ, ನಮ್ಮ ಹೊರೆ ಹೊರುವ ಪೋರ್ಟರಿಗೆ ವಿಮೆ ಮಾಡಿಸಿದ್ದೀರಾ, ಅವರ ಕಾಲಿಗೆ ಸರಿಯಾದ ಬೂಟು ಕೊಟ್ಟಿದ್ದೀರಾ? ಇಲ್ಲ ಎಂದರೆ ಆ ಕಂಪನಿಯ ಜೊತೆ ಹೋಗಬೇಡಿ.